ಏನು ಬೇಕೋ ಕೇಳು ಅಂದರೆ ನಾಯಿ ಕೇಳಿದ!

ಯುದ್ಧ ಗೆದ್ದ ರಾಜ ತನ್ನ ಬಂಟನಿಗೆ ಹೇಳ್ತಾನೆ: ಮೆಚ್ಚಿದ್ದೇನೆ, ಏನು ಬೇಕೋ ಕೇಳು. ಇವತ್ತು ಯಾರನ್ನಾದರೂ ಹೀಗೆ ಕೇಳಿ ನೋಡಿ. ನಿಗಮ, ಮಂಡಳಿ, ಸೈಟು, ಮಗನಿಗೆ ಟಿಕೆಟು... ಪಟ್ಟಿ ಮುಗಿಯೋದೇ ಇಲ್ಲ. ಆ ಬಂಟ ಕೇಳಿದ್ದು ಒಂದು ನಾಯಿ!

ಇದು ನಾನು ಕಟ್ಟಿದ ಕಥೆಯಲ್ಲ ಸ್ವಾಮಿ, ಕಲ್ಲಿನ ಮೇಲೆ ಕೊರೆದ ಮಾತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನ, ಶಕ ವರ್ಷ 872ರದ್ದು. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಭಾರೀ ಯುದ್ಧ. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲೇ ಸತ್ತ. ಕೃಷ್ಣನ ಜೊತೆ ನಿಂತವನು ಗಂಗರ ಬೂತುಗ. ಬೂತುಗನ ಪರವಾಗಿ ಕಾದಿದವನು ಮಣಲೇರ. ಅವನು ಬೇಡಿ ಪಡೆದದ್ದು ಒಡೆಯನ ಬೇಟೆನಾಯಿ ಕಾಳಿಯನ್ನು. ಊರುಗಳೂ ಸಿಕ್ಕವು, ಅದು ಬೇರೆ ಮಾತು. ಆದರೆ ಬಾಯಿಬಿಟ್ಟು ಕೇಳಿದ್ದು ಕಾಳಿಯನ್ನ.

ಮುಂದೆ ಬೆಳತೂರಿನ ಗುಡ್ಡದ ಬಳಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆಗ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೊಂದು ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು. ಕತ್ತಿ ಹಿಡಿದ ಗಂಡಸು, ಊರೆಲ್ಲ ನೋಡುವ ಜಾಗದಲ್ಲಿ, ನಾಯಿಗಾಗಿ! ನಾಚಿಕೆ ಪಟ್ಟುಕೊಳ್ಳಲಿಲ್ಲ.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಮೇಲ್ಗಡೆ ನಾಯಿ, ಹಂದಿ ಕಾದಾಡುವ ಚಿತ್ರ. ಅದರ ಮುಂದೆ ನಿಂತಾಗ ನನಗೆ ಅಪ್ಪ ನೆನಪಾದರು. ಅವರು ನನ್ನನ್ನ ತಬ್ಬಿಕೊಂಡಿದ್ದು ನೆನಪಿಲ್ಲ. ಫೋನಲ್ಲಿ ನಮ್ಮದು ಎರಡೇ ಮಾತು: ಊಟ ಆಯ್ತಾ? ಆಯ್ತು. ಆದರೆ ಊರಿಗೆ ಹೋದರೆ ಮನೆ ನಾಯಿ ಗೇಟಿನಿಂದಲೇ ಮೈಮೇಲೆ ಹಾರುತ್ತೆ, ಕುಣಿಯುತ್ತೆ, ಕುಂಯ್‌ಗುಡುತ್ತೆ. ಆರು ತಿಂಗಳು ಯಾಕೆ ಬರಲಿಲ್ಲ ಅಂತ ಮುನಿಸಿಲ್ಲ. ಅಪ್ಪ ಹಿಂದೆ ನಿಂತು ಅದನ್ನ ಗದರುತ್ತಾರೆ: ‘ಏಯ್, ಬಿಡೋ ಅವನ್ನ.’ ಅವರ ಕಣ್ಣು ಮಾತ್ರ ಬೇರೇನೋ ಹೇಳ್ತಿರುತ್ತೆ. ನಾನೂ ಅಷ್ಟೇ. ಟೀವಿಯಲ್ಲಿ ಗಂಟೆಗಟ್ಟಲೆ ಮಾತಾಡೋನು, ಅಪ್ಪನ ಮುಂದೆ ಮೂಕ.

ಮ್ಯೂಸಿಯಂಗೆ ಹೋಗಿಬಂದ ದಿನ, ರಾತ್ರಿ ಬುಲೆಟಿನ್ ಮುಗಿಸಿ ಫೋನ್ ಮಾಡಿದೆ.

‘ಇಷ್ಟೊತ್ತಲ್ಲಿ ಯಾಕೋ? ಏನಾಯ್ತು?’

‘ಏನಿಲ್ಲಪ್ಪ. ನಿಮ್ಮನ್ನ ನೋಡಬೇಕು ಅನ್ನಿಸ್ತು.’

ಸ್ವಲ್ಪ ಹೊತ್ತು ಆ ಕಡೆಯಿಂದ ನಾಯಿ ಬೊಗಳೋದಷ್ಟೇ ಕೇಳಿಸ್ತಿತ್ತು.