ಅಲ್ಪುಹಾರ: ನೀರಿನ ಜಾಡಿನಲ್ಲಿ ಸಾಗುವ ಬೆಟ್ಟದ ಹಾದಿಗಳು

ಯುರೋಪ್ ಪ್ರವಾಸಕ್ಕೆ ಹೊರಡುವ ನಮ್ಮ ಕುಟುಂಬಗಳ ಪಟ್ಟಿಯಲ್ಲಿ ಸ್ಪೇನ್ ದೇಶ ಸೇರಿದ್ದರೆ, ಮ್ಯಾಡ್ರಿಡ್, ಬಾರ್ಸೆಲೋನಾ ನಗರಗಳನ್ನೂ ಗ್ರನಾಡಾದ ಆಲ್ಹಾಂಬ್ರ ಅರಮನೆಯನ್ನೂ ನೋಡುವಲ್ಲಿಗೆ ಸಾಮಾನ್ಯವಾಗಿ ಪ್ರವಾಸ ಮುಗಿಯುತ್ತದೆ. ಆಲ್ಹಾಂಬ್ರದ ಬೆನ್ನಿಗೆ ಹಿಮದ ಕಿರೀಟ ಧರಿಸಿ ನಿಂತ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ ಏನಿದೆ ಎಂದು ಕೇಳುವವರು ವಿರಳ. ಆ ದಕ್ಷಿಣದ ಇಳಿಜಾರಿಗೆ ಅಲ್ಪುಹಾರ ಎಂದು ಹೆಸರು. ಕೇಳಿದೊಡನೆ ಕನ್ನಡಿಗರಿಗೆ ಅಲ್ಪಾಹಾರದ ನೆನಪಾದರೆ ಆಶ್ಚರ್ಯವಿಲ್ಲ! ಆದರೆ ಕಾಲ್ನಡಿಗೆಯ ಪ್ರವಾಸಿಗರಿಗೆ ಇದು ಭೂರಿಭೋಜನವೇ ಸರಿ. ಈ ಬೆಟ್ಟದ ಹಾದಿಗಳನ್ನೂ ಹಳ್ಳಿಗಳನ್ನೂ ಅವುಗಳ ಹಿಂದಿರುವ ಚರಿತ್ರೆಯನ್ನೂ ನಮ್ಮ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೆಟ್ಟ ಮತ್ತು ಹಳ್ಳಿಗಳು

ಸಿಯೆರಾ ನೆವಾಡಾ ಎಂದರೆ ಹಿಮದ ಬೆಟ್ಟಸಾಲು ಎಂದರ್ಥ. ಇಲ್ಲಿನ ಮುಲಾಸೆನ್ ಶಿಖರ 3,479 ಮೀಟರ್ ಎತ್ತರವಿದ್ದು, ಐಬೀರಿಯ ಪರ್ಯಾಯದ್ವೀಪದಲ್ಲೇ ಅತ್ಯುನ್ನತವಾದುದು. 1986ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ಜೀವಗೋಳ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನವೂ ಆಯಿತು.

ಪೊಕೇರ ಕಣಿವೆಯಲ್ಲಿ ಮೂರು ಹಳ್ಳಿಗಳು ಒಂದರ ಮೇಲೊಂದು ಮೆಟ್ಟಿಲಿಟ್ಟಂತೆ ಕುಳಿತಿವೆ. ಕೆಳಗೆ ಸುಮಾರು 1,060 ಮೀಟರ್ ಎತ್ತರದಲ್ಲಿ ಪಾಂಪನೇರ, ನಡುವೆ ಬುಬಿಯೋನ್, ಮೇಲೆ 1,436 ಮೀಟರ್ ಎತ್ತರದಲ್ಲಿ ಕಪಿಲೇರ. ಪೂರ್ವಕ್ಕೆ ಸಾಗಿದರೆ ಸ್ಪೇನಿನ ಅತಿ ಎತ್ತರದ ಗ್ರಾಮಗಳಲ್ಲೊಂದಾದ ಟ್ರೆವೆಲೆಸ್ ಸಿಗುತ್ತದೆ. ಇಲ್ಲಿನ ಮನೆಗಳು ಸುಣ್ಣ ಬಳಿದ ಕಲ್ಲಿನ ಗೋಡೆಯವು, ಚಪ್ಪಟೆ ಮಾಳಿಗೆಯವು. ಚೆಸ್ಟ್‌ನಟ್ ಮರದ ತೊಲೆಗಳ ಮೇಲೆ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಲೌನ ಎಂಬ ಬೂದುಬಣ್ಣದ ಜೇಡಿಮಣ್ಣನ್ನು ಹರಡುತ್ತಾರೆ. ಮಳೆ ಬಿದ್ದಾಗ ಈ ಮಣ್ಣು ಬಿಗಿದುಕೊಂಡು ನೀರಿಳಿಯದಂತೆ ತಡೆಯುತ್ತದೆ. ಓಣಿಗಳ ಮೇಲೆ ಒಂದು ಮನೆಯಿಂದ ಎದುರು ಮನೆಗೆ ಹಾಯುವ ಚಾವಣಿಗೆ ತಿನಾವೊ ಎನ್ನುತ್ತಾರೆ. ಅದರಡಿಯಲ್ಲಿ ಬಿಸಿಲಿಗೂ ಮಳೆಗೂ ಆಸರೆ. ಮೊರಾಕೊದ ಅಟ್ಲಾಸ್ ಪರ್ವತದ ಬರ್ಬರ್ ಜನರ ಮನೆಗಳನ್ನು ಇವು ಹೋಲುತ್ತವೆ. ಈ ಹೋಲಿಕೆಯ ಹಿಂದೆ ಒಂದು ದುಃಖದ ಚರಿತ್ರೆಯಿದೆ.

ಮಾತು ಕಳೆದುಕೊಂಡ ಜನ

1492ರ ಜನವರಿ 2ರಂದು ಗ್ರನಾಡಾದ ಕೊನೆಯ ಮುಸ್ಲಿಂ ದೊರೆ ಬೊಆಬ್ದಿಲ್, ಕ್ಯಾಥೊಲಿಕ್ ಅರಸರಾದ ಇಸಾಬೆಲಾ ಮತ್ತು ಫರ್ಡಿನಾಂಡರಿಗೆ ನಗರವನ್ನು ಒಪ್ಪಿಸಿದನು. ಒಪ್ಪಂದದಂತೆ ಅವನಿಗೆ ಅಲ್ಪುಹಾರದಲ್ಲಿ ಜಹಗೀರು ದೊರೆಯಿತು. ಆದರೆ ಮರುವರ್ಷವೇ ಅವನು ಸಮುದ್ರ ದಾಟಿ ಮೊರಾಕೊಗೆ ತೆರಳಿದನು. ಉಳಿದ ಪ್ರಜೆಗಳನ್ನು ಕೆಲವೇ ವರ್ಷಗಳಲ್ಲಿ ಕ್ರೈಸ್ತ ಮತಕ್ಕೆ ಬಲವಂತದಿಂದ ಸೇರಿಸಲಾಯಿತು. ಅವರನ್ನು ಮೊರಿಸ್ಕೊಗಳೆಂದು ಕರೆದರು.

1567ರಲ್ಲಿ ಎರಡನೆಯ ಫಿಲಿಪ್ ಅರಸನ ಆಳ್ವಿಕೆಯಲ್ಲಿ ಹೊರಟ ಆಜ್ಞೆಯೊಂದು ಅವರ ಅರಬ್ಬೀ ಭಾಷೆಯನ್ನೂ ಉಡುಗೆತೊಡುಗೆಯನ್ನೂ ಆಚಾರಗಳನ್ನೂ ನಿಷೇಧಿಸಿತು. ಮರುವರ್ಷ ಕ್ರಿಸ್‌ಮಸ್ ಮುನ್ನಾದಿನ ಅಲ್ಪುಹಾರದ ಹಳ್ಳಿಗಳು ದಂಗೆಯೆದ್ದವು. ಅಬೆನ್ ಉಮೇಯ ಎಂಬ ಹೆಸರಿನಿಂದ ನಾಯಕನಾದವನು 1569ರಲ್ಲಿ ಸ್ವಪಕ್ಷೀಯರ ಕೈಯಿಂದಲೇ ಹತನಾದನು. ಎರಡೂ ಕಡೆಯಿಂದ ಘೋರ ಕೃತ್ಯಗಳು ನಡೆದ ಈ ಯುದ್ಧ 1571ರಲ್ಲಿ ಮುಗಿಯಿತು. ಮೊರಿಸ್ಕೊಗಳನ್ನು ಗ್ರನಾಡಾ ಪ್ರಾಂತ್ಯದಿಂದ ಹೊರಹಾಕಿ ಸ್ಪೇನಿನ ಇತರೆಡೆಗಳಿಗೆ ಚದುರಿಸಲಾಯಿತು. 1609ರಿಂದ 1614ರ ಅವಧಿಯಲ್ಲಿ ದೇಶದಿಂದಲೇ ಗಡೀಪಾರು ಮಾಡಲಾಯಿತು. ಬರಿದಾದ ಹಳ್ಳಿಗಳಿಗೆ ಉತ್ತರದ ಪ್ರಾಂತ್ಯಗಳಿಂದ ಒಕ್ಕಲು ಕುಟುಂಬಗಳನ್ನು ಕರೆತಂದರು. ಹೊಸಬರಿಗೆ ನೀರಾವರಿ ಕಲಿಸಲೆಂದು ಪ್ರತಿ ಹಳ್ಳಿಯಲ್ಲೂ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರೆಂಬ ಐತಿಹ್ಯ ಇಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಐತಿಹ್ಯ ನಿಜವಿರಲಿ ಇಲ್ಲದಿರಲಿ, ನೀರಿನ ವಿದ್ಯೆ ಮಾತ್ರ ಉಳಿಯಿತು. ಅದರೊಡನೆ ನಿಷೇಧಕ್ಕೊಳಗಾದ ಭಾಷೆಯ ಪದಗಳೂ ಉಳಿದವು. ಕಾಲುವೆಗೆ ಇಲ್ಲಿ ಅಸೇಕಿಯ ಎನ್ನುತ್ತಾರೆ. ಅರಬ್ಬಿಯ ಸಾಕಿಯಾ ಎಂಬುದೇ ಅದರ ಮೂಲ. ನೀರಿನ ಕೊಳ ಆಲ್ಬೆರ್ಕ, ತೊಟ್ಟಿ ಆಲ್ಹಿಬೆ. ಇವೂ ಅರಬ್ಬಿಯಿಂದ ಬಂದವೇ. ರಾಜಾಜ್ಞೆಗೆ ಅಳಿಸಲಾಗದ ಪದಗಳನ್ನು ರೈತನ ನಾಲಿಗೆ ಕಾಪಾಡಿತೆಂದರೆ ಅತಿಶಯೋಕ್ತಿಯಾಗಲಾರದು.

ಬೆಟ್ಟದ ಮುದ್ದತಿ ಠೇವಣಿ

ಅಸೇಕಿಯಗಳಲ್ಲಿ ಎರಡು ಬಗೆ. ಒಂದು ಬಗೆಯವು ಹೊಲಗದ್ದೆಗಳಿಗೆ ನೇರವಾಗಿ ನೀರುಣಿಸುತ್ತವೆ. ಇನ್ನೊಂದು ಬಗೆಗೆ ಕರೇಯೊ ಕಾಲುವೆಗಳೆಂದು ಹೆಸರು. ವಸಂತದಲ್ಲಿ ಹಿಮ ಕರಗಿ ಹೊಳೆಗಳು ತುಂಬಿದಾಗ ಈ ಕಾಲುವೆಗಳು ನೀರನ್ನು ಬೆಟ್ಟದ ಮೇಲುಭಾಗದಲ್ಲಿಯೇ ಅಡ್ಡಲಾಗಿ ಸಾಗಿಸಿ, ನೀರು ಸುಲಭವಾಗಿ ಇಂಗುವ ನೆಲಕ್ಕೆ ಬಿಡುತ್ತವೆ. ಒಳಗಿಳಿದ ನೀರು ನಿಧಾನವಾಗಿ ಸಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಳಗಿನ ಊಟೆಗಳಲ್ಲಿ ಹೊರಬರುತ್ತದೆ. ಅಷ್ಟರಲ್ಲಿ ಮಳೆಯಿಲ್ಲದ ಕಡುಬೇಸಿಗೆ ಬಂದಿರುತ್ತದೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕಳೆದ ನಮಗೆ ಇದು ನೀರಿನ ಮುದ್ದತಿ ಠೇವಣಿಯಂತೆ ತೋರುತ್ತದೆ!

ಈ ಕಾಲುವೆಗಳಿಗೆ ಸಿಮೆಂಟಿಲ್ಲ. ಮಣ್ಣಿನ ಬದಿಯಿಂದ ಜಿನುಗುವ ನೀರೇ ದಾರಿಯುದ್ದಕ್ಕೂ ಚೆಸ್ಟ್‌ನಟ್ ಮರಗಳನ್ನೂ ಹುಲ್ಲುಗಾವಲನ್ನೂ ಪೋಷಿಸುತ್ತದೆ. ಕಾಲುವೆಯನ್ನು ನೋಡಿಕೊಳ್ಳುವವನು ಅಸೇಕಿಯೆರೊ. ಅವನು ಹೂಳೆತ್ತುತ್ತ, ಒಡೆದ ಬದಿ ಕಟ್ಟುತ್ತ ಕಾಲುವೆಯಂಚಿನಲ್ಲಿ ತಲೆಮಾರುಗಳಿಂದ ನಡೆದದ್ದರಿಂದ ಮೂಡಿದ ಕಾಲುದಾರಿಗಳೇ ಇಂದು ಪ್ರವಾಸಿಗರು ಸಂತೋಷದಿಂದ ನಡೆಯುವ ಅನೇಕ ಹಾದಿಗಳಾಗಿವೆ. ಮಿಕ್ಕವು ಹಳ್ಳಿಯಿಂದ ಹಳ್ಳಿಗೆ ಹೇಸರಗತ್ತೆಗಳು ಸರಕು ಹೊತ್ತು ಸಾಗಿದ ಕಲ್ಲುಹಾಸಿನ ದಾರಿಗಳು.

ಮುಖ್ಯ ಹಾದಿಗಳು

ದೂರದ ಹಾದಿಗಳಲ್ಲಿ ಜಿ.ಆರ್. 7 ಪ್ರಸಿದ್ಧವಾದುದು. ದಕ್ಷಿಣದ ತುದಿಯ ತಾರಿಫಾದಿಂದ ಹೊರಟು ಉತ್ತರದ ಅಂದೋರಾ ಗಡಿಯವರೆಗೆ ಸಾಗುವ ಈ ಹಾದಿ ಪಾಂಪನೇರ, ಬುಬಿಯೋನ್, ಪಿತ್ರೆಸ್, ಬುಸ್ಕಿಸ್ತಾರ್, ಟ್ರೆವೆಲೆಸ್ ಮುಂತಾದ ಹಳ್ಳಿಗಳನ್ನು ಹಾದುಹೋಗುತ್ತದೆ. ಜಿ.ಆರ್. 240 ಎಂಬುದು ಇಡೀ ಸಿಯೆರಾ ನೆವಾಡಾಕ್ಕೆ ಪ್ರದಕ್ಷಿಣೆ ಹಾಕುವ ಸುಮಾರು 300 ಕಿಲೋಮೀಟರ್ ಉದ್ದದ ಹಾದಿ. ಇದಕ್ಕೆ ಸುಲೇರ್ ಎಂಬ, ಈ ಬೆಟ್ಟಕ್ಕೆ ಅರಬ್ಬರು ಇಟ್ಟಿದ್ದ ಹಳೆಯ ಹೆಸರನ್ನೇ ಇಡಲಾಗಿದೆ.

ಒಂದು ದಿನದ ನಡಿಗೆಗೆ ಪಾಂಪನೇರದಿಂದ ಬುಬಿಯೋನ್ ಮೂಲಕ ಕಪಿಲೇರಕ್ಕೆ ಏರುವ ಹಾದಿ ಯೋಗ್ಯವಾದುದು. ದೂರ ಅಲ್ಪ, ಏರು ಮಾತ್ರ ಸುಮಾರು 380 ಮೀಟರ್. ಕಪಿಲೇರದಿಂದ ಮುಂದೆ ಕಣಿವೆಯ ಒಳಗೆ ಲಾ ಸೆಬದಿಯ ಎಂಬ ನಿರ್ಜನ ಬಡಾವಣೆಯಿದೆ. ಜಲವಿದ್ಯುತ್ ಕೇಂದ್ರದ ಕೆಲಸಗಾರರಿಗಾಗಿ ಕಟ್ಟಿದ್ದ ಮನೆಗಳು ಈಗ ಪಾಳುಬಿದ್ದಿವೆ. ಏರು ಕಷ್ಟವೆನ್ನುವವರು ಪಿತ್ರೆಸ್, ಮೆಸಿನ, ಫೊಂದಾಲೆಸ್, ಫೆರೇರೋಲ ಮೊದಲಾದ ಲಾ ತಾಹ ಗ್ರಾಮಗಳ ನಡುವಿನ ಹಾದಿಗಳನ್ನು ಆರಿಸಿಕೊಳ್ಳಬಹುದು.

ದಾರಿಗುರುತುಗಳನ್ನು ಅರಿತಿರಬೇಕು. ಬಿಳಿ-ಕೆಂಪು ಪಟ್ಟೆ ದೂರದ ಹಾದಿಗೆ, ಬಿಳಿ-ಹಳದಿ ಮಧ್ಯಮ ದೂರಕ್ಕೆ, ಬಿಳಿ-ಹಸಿರು ಸ್ಥಳೀಯ ಸಣ್ಣ ಹಾದಿಗೆ. ಎರಡು ಪಟ್ಟೆಗಳು ಕತ್ತರಿಯಂತೆ ಅಡ್ಡಹಾಯ್ದಿದ್ದರೆ ಅತ್ತ ಹೋಗಬಾರದೆಂದರ್ಥ.

ಬೈಲುಕುಪ್ಪೆಯ ನಂಟು

ಪೊಕೇರ ಕಣಿವೆಯ ಎದುರು ದಿಣ್ಣೆಯ ಮೇಲೆ ಓಸೆಲ್ ಲಿಂಗ್ ಎಂಬ ಟಿಬೆಟಿಯನ್ ಬೌದ್ಧ ಧ್ಯಾನಕೇಂದ್ರವಿದೆ. 1982ರಲ್ಲಿ ದಲೈ ಲಾಮಾ ಅವರು ಇಲ್ಲಿಗೆ ಭೇಟಿ ನೀಡಿ ಅದಕ್ಕೆ ಹೆಸರಿಟ್ಟರು. 1985ರಲ್ಲಿ ಬುಬಿಯೋನ್ ಗ್ರಾಮದ ದಂಪತಿಗಳಿಗೆ ಜನಿಸಿದ ಓಸೆಲ್ ಹಿಟಾ ಟೊರೆಸ್ ಎಂಬ ಬಾಲಕನನ್ನು, ಕೇಂದ್ರದ ಸ್ಥಾಪಕರಲ್ಲೊಬ್ಬರಾದ ಲಾಮಾ ಯೇಶೆ ಅವರ ಪುನರ್ಜನ್ಮವೆಂದು ಗುರುತಿಸಲಾಯಿತು. ಆತ ಅಧ್ಯಯನ ಮಾಡಿದ್ದು ನಮ್ಮ ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಸೇರಾ ಮಠದಲ್ಲಿ. ಮುಂದೆ ಯುವಕನಾದಾಗ ಆತ ಮಠವನ್ನು ಬಿಟ್ಟು ಹೊರನಡೆದರು. ಸ್ಪೇನಿನ ಬೆಟ್ಟದ ಹಳ್ಳಿಗೂ ಕನ್ನಡ ನಾಡಿಗೂ ಇಂತಹದೊಂದು ನಂಟು ಇರುವುದು ವಿಶೇಷವೇ ಸರಿ.

ಹೊರಡುವವರಿಗೆ ಕೆಲವು ಸೂಚನೆಗಳು

ಗ್ರನಾಡಾದಿಂದ ಪಾಂಪನೇರ ಸುಮಾರು 70 ಕಿಲೋಮೀಟರ್. ಲಾಂಹರೋನ್, ಓರ್ಹಿವ ಊರುಗಳ ಮೂಲಕ ಬಸ್ಸಿದೆ. ಮೇ-ಜೂನ್ ಹಾಗೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳು ನಡಿಗೆಗೆ ಪ್ರಶಸ್ತ. ಚಳಿಗಾಲದಲ್ಲಿ ಎತ್ತರದ ಹಾದಿಗಳು ಹಿಮದಿಂದ ಮುಚ್ಚಿರುತ್ತವೆ. ಗಟ್ಟಿ ಅಡಿಯ ಬೂಟು, ನೀರು, ಬಿಸಿಲಿಗೊಂದು ಟೋಪಿ, ಬೆಚ್ಚನೆಯ ಅಂಗಿ ಇರಲೇಬೇಕು. ಮಧ್ಯಾಹ್ನ ಅಂಗಡಿಗಳು ಮುಚ್ಚುವುದರಿಂದ ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿಕೊಳ್ಳುವುದು ಲೇಸು. ಒಣಗಿಸಿದ ಹಂದಿಮಾಂಸಕ್ಕೆ ಈ ಸೀಮೆ ಹೆಸರುವಾಸಿ. ತರಕಾರಿಯ ಖಾದ್ಯದಲ್ಲೂ ಅದು ಸೇರಿರಬಹುದಾದ್ದರಿಂದ ಸಸ್ಯಾಹಾರಿಗಳು ಮೊದಲೇ ವಿಚಾರಿಸಿಕೊಳ್ಳಬೇಕು. ಆಪತ್ತಿನಲ್ಲಿ ಕರೆ ಮಾಡಬೇಕಾದ ಸಂಖ್ಯೆ 112.

ಉಳಿಸುವ ಹೆಜ್ಜೆಗಳು

ಆಂಗ್ಲ ಲೇಖಕ ಜೆರಾಲ್ಡ್ ಬ್ರೆನನ್ 1920ರಿಂದ 1934ರವರೆಗಿನ ಅವಧಿಯಲ್ಲಿ ಆಗಾಗ ಇಲ್ಲಿನ ಯೇಹೆನ್ ಗ್ರಾಮದಲ್ಲಿ ನೆಲೆಸಿದ್ದರು. 1923ರಲ್ಲಿ ವರ್ಜೀನಿಯಾ ವುಲ್ಫ್ ಅವರನ್ನು ಕಾಣಲು ಇಲ್ಲಿಗೆ ಬಂದಿದ್ದರು. 1957ರಲ್ಲಿ ಪ್ರಕಟವಾದ ಬ್ರೆನನ್ನರ 'ಸೌತ್ ಫ್ರಮ್ ಗ್ರನಾಡಾ' ಕೃತಿ ಚಿತ್ರಿಸುವುದು ಜನರಿಂದ ತುಂಬಿದ ಹಳ್ಳಿಗಳನ್ನು. ಆದರೆ ಆ ಹೊತ್ತಿಗಾಗಲೇ ಯುವಕರು ಬಾರ್ಸೆಲೋನಾಕ್ಕೂ ಜರ್ಮನಿ, ಫ್ರಾನ್ಸ್ ದೇಶಗಳಿಗೂ ಹೊಟ್ಟೆಪಾಡಿಗಾಗಿ ಹೊರಡತೊಡಗಿದ್ದರು. ಜನ ಹೋದಂತೆ ಮೆಟ್ಟಿಲುಗದ್ದೆಗಳು ಪಾಳುಬಿದ್ದವು, ಕಾಲುವೆಗಳು ಹೂಳು ತುಂಬಿದವು, ದಾರಿಗಳನ್ನು ಮುಳ್ಳು ಮುಚ್ಚಿತು.

2014ರಿಂದೀಚೆಗೆ ಗ್ರನಾಡಾ ವಿಶ್ವವಿದ್ಯಾನಿಲಯದ ಪುರಾತತ್ತ್ವಜ್ಞರು ಸ್ವಯಂಸೇವಕರನ್ನೂ ಊರಿನ ಹಿರಿಯ ರೈತರನ್ನೂ ಕೂಡಿಸಿಕೊಂಡು ಹೂಳೆತ್ತುವ ಕೆಲಸಕ್ಕೆ ತೊಡಗಿದ್ದಾರೆ. ಕಾನ್ಯಾರ್ ಗ್ರಾಮದ ಬಾರ್ಹಾಸ್ ಕಾಲುವೆಯಲ್ಲಿ ದಶಕಗಳ ಬಳಿಕ ಮತ್ತೆ ನೀರು ಹರಿಯಿತು. ಕಾಲುವೆ ಎಲ್ಲಿತ್ತು, ನೀರು ಎಲ್ಲಿ ಇಂಗುತ್ತಿತ್ತು ಎಂಬುದನ್ನು ಬಲ್ಲವರು ಆ ಹಿರಿಯರು. ಅವರ ನೆನಪು ಅಳಿದರೆ ಮುಂದೆ ತೋರಿಸಿಕೊಡುವವರಿಲ್ಲ.

ಹುಟ್ಟೂರು ಬಿಟ್ಟು ದೂರದ ನಗರಗಳಲ್ಲಿ ನೆಲೆನಿಂತ ನಮಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾರಿಯಾಗಲಿ ಮಾತಾಗಲಿ, ಬಳಸುವವರಿದ್ದಷ್ಟು ಕಾಲ ಉಳಿಯುತ್ತದೆ. ಅಲ್ಪುಹಾರದ ಹಾದಿಯಲ್ಲಿ ನಡೆಯುವ ಪ್ರವಾಸಿಗನ ಹೆಜ್ಜೆಯೂ ಮುಳ್ಳು ಬೆಳೆಯದಂತೆ ತಡೆಯುವ ಸಣ್ಣದೊಂದು ಸೇವೆಯೇ ಎಂದು ನಾವು ಭಾವಿಸುತ್ತೇವೆ.