ಒಂದು ಅಕ್ಷರ ಕಮ್ಮಿ: ಕಲಾವಿದರ ಹೆಸರು ಕದಿಯೋರ 500 ವರ್ಷದ ಕಥೆ

1/7

ಈ ಸಲದ ಇತಿಹಾಸ ಸರಣಿ ನನ್ನ ಜೇಬಿನಿಂದ ಶುರುವಾಗತ್ತೆ. ನಗಬೇಡಿ.

ಅಪ್ಪ ಅಮ್ಮನ ಮದುವೆಯಾಗಿ 25 ವರ್ಷ ಆಗ್ತಿತ್ತು. ಅವರ ಹಳೇ ಮದುವೆ ಫೋಟೋ ನೋಡಿ ಯಾರ ಹತ್ರಾದ್ರೂ ಒಂದು ಚಿತ್ರ ಬರೆಸೋಣ ಅಂದ್ಕೊಂಡೆ. ಎರಡು ವರ್ಷದಿಂದ ನಾನು ಫಾಲೋ ಮಾಡ್ತಿದ್ದ ಒಬ್ಬ ಕಲಾವಿದರ ಪೋಸ್ಟ್ ಕೆಳಗೆ "ಕಮಿಷನ್ ತಗೋತೀರಾ?" ಅಂತ ಕಾಮೆಂಟ್ ಹಾಕಿದೆ. ಹತ್ತೇ ನಿಮಿಷದಲ್ಲಿ ಡಿಎಂ ಬಂತು. ಅದೇ ಡಿಪಿ, ಅದೇ ಬಯೋ, ಅವೇ ಚಿತ್ರಗಳು. "ಒಂದೇ ಸ್ಲಾಟ್ ಉಳಿದಿದೆ, ಇವತ್ತೇ ಬುಕ್ ಮಾಡಿದ್ರೆ ಅರ್ಧ ರೇಟು" ಅಂದ್ರು. ಟ್ಯೂಷನ್ ಹೇಳಿ ಕೂಡಿಸಿದ್ದ 3,500 ರೂಪಾಯಿ ಕಳಿಸಿದೆ. ಆಮೇಲೆ ಬ್ಲಾಕ್.

ತಿರುಗಿ ನೋಡಿದಾಗ ಗೊತ್ತಾಯ್ತು, ಯೂಸರ್‌ನೇಮ್‌ನಲ್ಲಿ ಒಂದು ಅಕ್ಷರ ಕಮ್ಮಿ ಇತ್ತು. ಅಷ್ಟೇ. ನನ್ನ ಕಾಮೆಂಟನ್ನ ಯಾರೋ ನೋಡ್ತಾ ಕೂತಿದ್ರು.

ಇದು ನಮ್ಮ ಕಾಲದ ರೋಗ, ಫೋನ್ ಬಂದ ಮೇಲೆ ಹುಟ್ಟಿದ್ದು ಅಂತ ನಾನೂ ಅಂದ್ಕೊಂಡಿದ್ದೆ. ಸಿಟ್ಟಿನಲ್ಲಿ ಓದ್ತಾ ಹೋದೆ. ಹಾಗೇ 1506ರ ವೆನಿಸ್‌ಗೆ ಹೋಗಿ ಮುಟ್ಟಿದೆ. ಮುಂದಿನ ಭಾಗಕ್ಕೆ ಬನ್ನಿ.

2/7

ಜರ್ಮನಿಯ ನ್ಯೂರೆಂಬರ್ಗ್ ಊರಿನ ಆಲ್ಬ್ರೆಕ್ಟ್ ಡ್ಯೂರರ್ ಹೆಸರು ಕೇಳಿರ್ತೀರಿ. ಇಲ್ಲಾಂದ್ರೂ ಅವನು ಬರೆದ ಮೊಲದ ಚಿತ್ರವನ್ನಂತೂ ಎಲ್ಲೋ ನೋಡಿರ್ತೀರಿ. ಅವನ ನಿಜವಾದ ವ್ಯಾಪಾರ ಇದ್ದಿದ್ದು ಅಚ್ಚಿನ ಚಿತ್ರಗಳಲ್ಲಿ. ಮರದ ಹಲಗೆ ಇಲ್ಲಾ ತಾಮ್ರದ ತಗಡಿನ ಮೇಲೆ ಕೆತ್ತೋದು, ಮಸಿ ಹಚ್ಚೋದು, ಕಾಗದಕ್ಕೆ ಒತ್ತೋದು. ಒಂದು ಹಲಗೆಯಿಂದ ನೂರಾರು ಪ್ರತಿ. ಅವನ ಹೆಂಡತಿ ಆಗ್ನೆಸ್ ಜಾತ್ರೆಗಳಿಗೆ ಹೋಗಿ ಅವನ್ನ ಮಾರ್ತಿದ್ದಳು. ದೂರದ ಊರುಗಳಿಗೆ ಸಂಬಳದ ಮಾರಾಟಗಾರರೂ ಹೋಗ್ತಿದ್ರು.

ಅಂದ್ರೆ ಏನಾಯ್ತು ನೋಡಿ. ಕೊಳ್ಳುವವನು ಕಲಾವಿದನ ಮುಖಾನೇ ನೋಡಿರಲ್ಲ. ಇದು ಅವನದೇ ಅಂತ ನಂಬೋಕೆ ಇದ್ದಿದ್ದು ಚಿತ್ರದ ಮೂಲೆಯ ಒಂದು ಗುರುತು ಮಾತ್ರ: ದೊಡ್ಡ ಎ, ಅದರ ಕಾಲುಗಳ ನಡುವೆ ಪುಟ್ಟ ಡಿ. ಇವತ್ತಿನ ಭಾಷೆಯಲ್ಲಿ ಹೇಳ್ಬೇಕಂದ್ರೆ ಅದು ಅವನ ಹ್ಯಾಂಡಲ್.

ಇಟಲಿಯ ಮಾರ್ಕಾಂಟೋನಿಯೊ ರೈಮೊಂಡಿ ಅನ್ನೋ ಕೆತ್ತನೆಗಾರ, ಡ್ಯೂರರ್ ಮರದಲ್ಲಿ ಕೆತ್ತಿದ್ದ ಮೇರಿಯ ಜೀವನದ 17 ಚಿತ್ರಗಳನ್ನ ತಾಮ್ರದಲ್ಲಿ ಹಾಗಾಗೇ ಕೆತ್ತಿದ. ಎ ಮತ್ತು ಡಿ ಗುರುತನ್ನೂ ಸೇರಿಸಿ! ಕೈ ಎಷ್ಟು ಚೆನ್ನಾಗಿತ್ತು ಅಂದ್ರೆ ನೋಡಿದೋರಿಗೆ ಅನುಮಾನವೇ ಬರ್ತಿರಲಿಲ್ಲ. ಇದರಿಂದ ಸಿಟ್ಟಾದ ಡ್ಯೂರರ್ ವೆನಿಸ್‌ಗೆ ಬಂದು ಅಲ್ಲಿನ ಸರ್ಕಾರಕ್ಕೆ ದೂರು ಕೊಟ್ಟ ಅಂತ ವಸಾರಿ ಬರೀತಾನೆ. ಇಟಲಿಯ ಕಲಾವಿದರ ಜೀವನಚರಿತ್ರೆಗಳನ್ನ 16ನೇ ಶತಮಾನದಲ್ಲಿ ಬರೆದವನು ಅವನೇ. ಡ್ಯೂರರ್ 1505ರಿಂದ 1507ರವರೆಗೆ ವೆನಿಸ್‌ನಲ್ಲಿದ್ದಿದ್ದಂತೂ ನಿಜ. ಆದರೆ ವಸಾರಿಗೆ ಕಥೆ ಕಟ್ಟೋ ಚಟ ಇತ್ತು, ದೂರಿನ ಪ್ರಸಂಗವನ್ನ ಇತಿಹಾಸಕಾರರು ಪೂರ್ತಿ ನಂಬಲ್ಲ.

ವಸಾರಿ ಪ್ರಕಾರ ತೀರ್ಪು ಏನು ಗೊತ್ತಾ? ಚಿತ್ರ ನಕಲು ಮಾಡ್ಕೋ, ಗುರುತು ಹಾಕ್ಬೇಡ. ಇದಕ್ಕೊಂದು ತಮಾಷೆಯ ಸಾಕ್ಷಿ ಉಂಟು. ರೈಮೊಂಡಿ ಆಮೇಲೆ ಡ್ಯೂರರ್‌ನ ಇನ್ನೊಂದು ಸರಣಿಯನ್ನೂ ನಕಲು ಮಾಡಿದ. ಅದರಲ್ಲಿ ಗುರುತು ಇರಬೇಕಾದ ಪುಟ್ಟ ಫಲಕವನ್ನ ಖಾಲಿ ಬಿಟ್ಟಿದ್ದಾನೆ.

3/7

ಮುಂದೆ 1511ರಲ್ಲಿ ಡ್ಯೂರರ್ ಆ ಮೇರಿ ಸರಣಿಯನ್ನ ಪುಸ್ತಕ ಮಾಡಿ ತಂದಾಗ ಕೊನೇ ಪುಟದಲ್ಲಿ ಎಚ್ಚರಿಕೆ ಅಚ್ಚು ಹಾಕ್ಸಿದ. ಬೇರೆಯವರ ಶ್ರಮವನ್ನ, ಬುದ್ಧಿಯನ್ನ ಕದಿಯೋರೇ, ದೂರ ಇರಿ, ನನ್ನ ಹತ್ರ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕೊಟ್ಟ ರಕ್ಷಣೆ ಇದೆ ಅನ್ನೋ ಅರ್ಥದ್ದು. ಬಯೋದಲ್ಲಿ "ಇದೊಂದೇ ನನ್ನ ಅಕೌಂಟ್, ಉಳಿದಿದ್ದೆಲ್ಲ ಫೇಕ್" ಅಂತ ಬರೆದುಕೊಳ್ಳೋ ಇವತ್ತಿನ ಕಲಾವಿದರನ್ನ ನೋಡಿದಾಗೆಲ್ಲ ನನಗೆ ಈ ಪುಟ ನೆನಪಾಗತ್ತೆ.

ಮತ್ತೆ ಆ ಎಚ್ಚರಿಕೆ ಎಷ್ಟು ಕೆಲಸ ಮಾಡ್ತು ಅಂತೀರಾ? 1512ರ ಜನವರಿಯಲ್ಲಿ, ಅವನದೇ ಊರಲ್ಲಿ, ಟೌನ್‌ಹಾಲ್ ಹತ್ರವೇ ಯಾರೋ ಪರಊರಿನವನು ಡ್ಯೂರರ್ ಗುರುತು ಹಾಕಿದ ನಕಲಿ ಚಿತ್ರ ಮಾರ್ತಾ ಕೂತಿದ್ದ! ನಗರಸಭೆ ಅವನಿಗೆ ಹೇಳಿದ್ದೂ ಅದೇ ಮಾತು: ಗುರುತು ತೆಗಿ, ಇಲ್ಲಾಂದ್ರೆ ಮಾಲು ಜಪ್ತಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ವೆನಿಸ್‌ನ ಕಥೆಯಲ್ಲೂ ನ್ಯೂರೆಂಬರ್ಗಿನ ದಾಖಲೆಯಲ್ಲೂ ತಪ್ಪು ಅನಿಸಿಕೊಂಡಿದ್ದು ಚಿತ್ರದ ನಕಲಲ್ಲ, ಹೆಸರಿನ ನಕಲು. ನಾನು ಮೋಸ ಹೋಗಿದ್ದೂ ಅಲ್ಲೇ. ನಾನು ಚೆಕ್ ಮಾಡಿದ್ದು ಚಿತ್ರಗಳನ್ನ. ಗೂಗಲ್‌ನಲ್ಲಿ ಹಾಕಿ ಹುಡುಕಿದ್ದೆ ಕೂಡ. ಎಲ್ಲವೂ ಒರಿಜಿನಲ್ಲೇ, ಯಾಕಂದ್ರೆ ಕಳ್ಳ ಕದ್ದಿದ್ದೇ ಒರಿಜಿನಲ್! ಚಿತ್ರ ನಿಜ, ಚಿತ್ರದ ಹಿಂದೆ ನಿಂತು ದುಡ್ಡು ಕೇಳ್ತಿದ್ದ ಮನುಷ್ಯ ಸುಳ್ಳು.

4/7

ಹಾಗಾದ್ರೆ ಮುಖ ನೋಡದೇ, ದೂರದಿಂದ, ಚಿತ್ರ ಬರೆಸೋದು ಹೇಗೆ? ಇದೂ ಡ್ಯೂರರ್ ಕಾಲದಲ್ಲೇ ನಡೆದಿದೆ.

ಫ್ರಾಂಕ್‌ಫರ್ಟಿನ ಶ್ರೀಮಂತ ವ್ಯಾಪಾರಿ ಯಾಕೋಬ್ ಹೆಲ್ಲರ್ ಚರ್ಚಿಗೆ ಒಂದು ದೊಡ್ಡ ಚಿತ್ರ ಬೇಕು ಅಂತ ಡ್ಯೂರರ್‌ಗೆ ಹೇಳಿದ. ಇವನು ಒಂದೂರು, ಅವನು ಇನ್ನೊಂದೂರು. 1507ರಿಂದ 1509ರವರೆಗೆ ಎಲ್ಲ ಪತ್ರದಲ್ಲೇ. ಡ್ಯೂರರ್ ಬರೆದ ಒಂಬತ್ತು ಪತ್ರಗಳ ಒಕ್ಕಣೆ ನಮಗೆ ಸಿಕ್ಕಿದೆ. ಅವು ಇತಿಹಾಸದ ಹಳೇ ಕಮಿಷನ್ ಡಿಎಂಗಳು ಅನ್ನಬಹುದು. ಕೆಲಸ ಎಲ್ಲಿವರೆಗೆ ಬಂತು, ಯಾಕೆ ತಡ ಆಯ್ತು, ಎಂಥಾ ಬಣ್ಣ ಹಾಕ್ತಿದ್ದೀನಿ, ನಡುವಿನ ಚಿತ್ರವನ್ನ ಸ್ವತಃ ನಾನೇ ಬರೀತೀನಿ, ಎಲ್ಲ ಇದೆ. ಜಗಳವೂ ಇದೆ. ಮೊದಲು ಒಪ್ಪಿದ್ದು 130 ಫ್ಲೋರಿನ್, ಆಮೇಲೆ 200 ಕೊಡಿ ಅಂದ. ಹೆಲ್ಲರ್ ಗೊಣಗಿದ, ಕೊನೆಗೆ 200 ಕೊಟ್ಟ.

ಈ ಭಾಗ ನನಗೆ ಇಷ್ಟ. ಯಾಕಂದ್ರೆ ರೇಟ್ ಜಾಸ್ತಿ ಕೇಳಿದ ತಕ್ಷಣ, ಅಡ್ವಾನ್ಸ್ ಕೇಳಿದ ತಕ್ಷಣ "ಸ್ಕ್ಯಾಮ್" ಅಂತ ಕಿರುಚೋರು ನಮ್ಮಲ್ಲಿ ಇದ್ದಾರೆ. ನಿಜವಾದ ಕಲಾವಿದರು ತಡ ಮಾಡ್ತಾರೆ, ದುಡ್ಡಿನ ಬಗ್ಗೆ ಕಿರಿಕಿರಿ ಮಾಡ್ತಾರೆ, ಕೆಲಸದ ಬಗ್ಗೆ ಬೋರ್ ಹೊಡೆಸುವಷ್ಟು ಮಾತಾಡ್ತಾರೆ. ನನ್ನ ಕಳ್ಳ ಅದ್ಯಾವುದನ್ನೂ ಮಾಡ್ಲಿಲ್ಲ. ಫೋಟೋ ಕಳಿಸಿ ಅಂತಲೂ ಕೇಳಿರಲಿಲ್ಲ. ಅಪ್ಪ ಅಮ್ಮನ ಮುಖ ಹೇಗಿದೆ ಅಂತ ಗೊತ್ತಿಲ್ಲದೇ ಅವರ ಚಿತ್ರಕ್ಕೆ ದುಡ್ಡು ತಗೊಂಡ! ಆಗಲೇ ನನಗೆ ಹೊಳೀಬೇಕಿತ್ತು.

(ಹೆಲ್ಲರ್‌ನ ಚಿತ್ರ 1729ರಲ್ಲಿ ಮ್ಯೂನಿಕ್‌ನ ಅರಮನೆ ಬೆಂಕಿಯಲ್ಲಿ ಸುಟ್ಟುಹೋಯ್ತು. ನಮಗೆ ಉಳಿದಿರೋದು ಬೇರೆಯವನು ಮಾಡಿದ ನಕಲು. ಆದರೆ ಅದು ಹೇಳಿ ಮಾಡಿದ ನಕಲು.)

5/7

ಈಗ ನಮ್ಮ ಬಿಕಾಂ ಹುಡುಗ ಹುಡುಗಿಯರಿಗೆ ಇಷ್ಟ ಆಗೋ ಭಾಗ. ಲೆಡ್ಜರ್ ಇಟ್ಟ ಕಲಾವಿದ!

17ನೇ ಶತಮಾನದ ರೋಮ್. ಫ್ರಾನ್ಸ್ ಕಡೆಯಿಂದ ಬಂದಿದ್ದ ಕ್ಲೋಡ್ ಲೊರೇನ್ ಸೂರ್ಯೋದಯ, ಬಂದರು, ಬಯಲುಗಳನ್ನ ಬರೀತಿದ್ದ. ರಾಜರು, ಪೋಪ್‌ಗಳು ಕ್ಯೂನಲ್ಲಿ. ಅವನ ಶೈಲಿ ನೋಡಿ ಬೇರೆಯವರು ಬರೆದು "ಇದು ಕ್ಲೋಡ್‌ನದ್ದು" ಅಂತ ಮಾರೋಕೆ ಶುರು ಮಾಡಿದ್ರು. ಕೊಂಡವರು ಪಾಪ ಚಿತ್ರ ಹೊತ್ಕೊಂಡು ಅವನ ಹತ್ರಾನೇ ಬಂದು "ಇದು ನಿಮ್ದೇನಾ?" ಅಂತ ಕೇಳೋರು.

ಅದಕ್ಕೆ ಅವನು 1635ರ ಸುಮಾರಿಗೆ ಒಂದು ಪುಸ್ತಕ ಶುರು ಮಾಡಿದ. ಬರೆದುಕೊಟ್ಟ ಚಿತ್ರದ ಚಿಕ್ಕ ರೇಖಾಚಿತ್ರ ಅದರಲ್ಲಿ. ಅದರ ಹಿಂದೆ ಯಾರಿಗೆ ಕೊಟ್ಟೆ, ಯಾವ ಊರಿಗೆ ಹೋಯ್ತು ಅನ್ನೋ ಟಿಪ್ಪಣಿ. 1682ರಲ್ಲಿ ಸಾಯೋ ಹೊತ್ತಿಗೆ ಅಂಥವು ಸುಮಾರು 195 ಆಗಿದ್ದವು. ಅದಕ್ಕೆ ಬಂದ ಹೆಸರು "ಸತ್ಯದ ಪುಸ್ತಕ". ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಕಲಿಗಳ ಕಾಟಕ್ಕೇ ಇಟ್ಟಿದ್ದು ಅಂತ ಅವನನ್ನ ಕಂಡು ಬರೆದ ಬಾಲ್ಡಿನುಚ್ಚಿ ಹೇಳ್ತಾನೆ. ಅದೊಂದೇ ಕಾರಣ ಅಲ್ಲ, ತನ್ನ ನೆನಪಿಗೂ ಇಟ್ಟುಕೊಂಡ ಅನ್ನೋ ವಿದ್ವಾಂಸರೂ ಇದ್ದಾರೆ. ಎರಡೂ ಇರಬಹುದು, ಲೆಕ್ಕ ಬರೆಯೋನಿಗೆ ಎರಡೂ ಬೇಕು.

ಆಡಿಟಿಂಗ್ ಕ್ಲಾಸಲ್ಲಿ ವೌಚಿಂಗ್ ಅಂತ ಓದ್ತೀವಲ್ಲ? ಎಂಟ್ರಿ ನಂಬಬೇಡ, ಬಿಲ್ ತೋರಿಸು ಅನ್ನೋದು. ಕ್ಲೋಡ್ ಮಾಡಿದ್ದು ಅದನ್ನೇ. ಸಹಿ ಅನ್ನೋದು ಬರೀ ಎಂಟ್ರಿ. ಪುಸ್ತಕ ವೌಚರ್.

6/7

ಹೆಸರನ್ನೇ ನಂಬಿದ್ರೆ ಎಷ್ಟು ದೊಡ್ಡೋರೂ ಬೀಳ್ತಾರೆ ಅನ್ನೋದಕ್ಕೆ ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ನೋಡಿ. 1846ರಿಂದ ಇದ್ದ ಅಂಗಡಿ, 2011ರಲ್ಲಿ ಬಾಗಿಲು ಹಾಕಿತು.

1990ರ ದಶಕದಿಂದ ಗ್ಲಾಫಿರಾ ರೊಸಾಲೆಸ್ ಅನ್ನೋ ವ್ಯಾಪಾರಿ ಈ ಗ್ಯಾಲರಿಗೆ ಪೊಲಾಕ್, ರಾತ್ಕೊ ಥರದ ದೊಡ್ಡ ಅಮೆರಿಕನ್ ಕಲಾವಿದರ "ಯಾರೂ ನೋಡದ" ಚಿತ್ರಗಳನ್ನ ತಂದುಕೊಟ್ಟಳು. ಮಾಲೀಕ ಯಾರು? ಹೆಸರು ಹೇಳಬಾರದ ಒಬ್ಬ ಶ್ರೀಮಂತ. ಬಿಲ್? ಇಲ್ಲ. ನಿಜದಲ್ಲಿ ಅವನ್ನೆಲ್ಲ ಬರೆದಿದ್ದು ಅದೇ ಊರಿನ ಕ್ವೀನ್ಸ್‌ನಲ್ಲಿದ್ದ ಒಬ್ಬ ವಲಸಿಗ ಚಿತ್ರಕಾರ. 9.5 ಲಕ್ಷ ಡಾಲರ್‌ಗೆ ಬಂದ ಒಂದು "ರಾತ್ಕೊ"ವನ್ನ ಗ್ಯಾಲರಿ 83 ಲಕ್ಷ ಡಾಲರ್‌ಗೆ ಮಾರಿತು. ಅಷ್ಟು ಸೋವಿಯಾಗಿ ಯಾಕೆ ಬಂತು ಅನ್ನೋ ಪ್ರಶ್ನೆ ಯಾರನ್ನೂ ನಿಲ್ಲಿಸಲಿಲ್ಲ. ರೊಸಾಲೆಸ್ 2013ರಲ್ಲಿ ತಪ್ಪು ಒಪ್ಪಿಕೊಂಡಳು.

ಅದರಲ್ಲೊಂದು "ಪೊಲಾಕ್" ಚಿತ್ರ ಇತ್ತು. ಇಂಗ್ಲಿಷಲ್ಲಿ ಅವನ ಹೆಸರಿನ ಕೊನೆಯಲ್ಲಿ ಸಿ ಮತ್ತು ಕೆ ಎರಡೂ ಬರಬೇಕು. ಸಹಿಯಲ್ಲಿ ಸಿ ಇರಲಿಲ್ಲ. ಆ ಚಿತ್ರ ಗ್ಯಾಲರಿಯ ಆಗಿನ ಮುಖ್ಯಸ್ಥೆಯ ಮನೆಯಲ್ಲೇ ಇತ್ತು. ತನಗೂ ಮೋಸವಾಯ್ತು ಅಂತ ಆಕೆ ಹೇಳಿದಳು.

ಒಂದು ಅಕ್ಷರ ಕಮ್ಮಿ. ಇದನ್ನ ಓದಿದ ರಾತ್ರಿ ನನಗೆ ಸ್ವಲ್ಪ ಸಮಾಧಾನ ಆಯ್ತು ಅಂತ ಒಪ್ಪಿಕೊಳ್ತೀನಿ.

7/7

ಸರಿ, ಈಗ ನಿಮ್ಮ ವಿಷಯಕ್ಕೆ ಬರೋಣ. ನೀವೂ ಯಾರ ಹತ್ರಾನೋ ಪೋರ್ಟ್ರೇಟ್, ಟ್ಯಾಟೂ ಡಿಸೈನ್, ಫೆಸ್ಟ್ ಪೋಸ್ಟರ್ ಬರೆಸ್ತೀರಿ.

ಅವರಾಗಿ ಬಂದ ಡಿಎಂಗೆ ದುಡ್ಡು ಕಳಿಸಬೇಡಿ. ನೀವೇ ಹುಡುಕಿ ಹೋಗಿ, ಅದೂ ಹಳೇ ದಾರಿಯಿಂದ: ವರ್ಷದ ಹಿಂದೆ ನೀವು ಫಾಲೋ ಮಾಡಿದ ಅಕೌಂಟ್, ಅವರ ವೆಬ್‌ಸೈಟ್, ಅವರ ಚಿತ್ರ ಬಂದ ಪುಸ್ತಕ. ಬೆಂಗಳೂರಲ್ಲಿ ಜನವರಿ ಬಂದ್ರೆ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕಲಾವಿದರು ತಾವೇ ಕೂತಿರ್ತಾರೆ. ಕಾರ್ಡ್ ಇಸ್ಕೊಳ್ಳಿ, ಅದರಲ್ಲಿರೋ ಹ್ಯಾಂಡಲ್‌ನ ಅಕ್ಷರ ಅಕ್ಷರ ಓದಿ ಟೈಪ್ ಮಾಡಿ. ಪ್ರೊಫೈಲ್‌ನಲ್ಲಿ ಅಕೌಂಟ್ ಯಾವಾಗ ಶುರುವಾಯ್ತು ಅಂತ ನೋಡಿ. 2 ತಿಂಗಳ ಅಕೌಂಟಲ್ಲಿ 5 ವರ್ಷದ ಚಿತ್ರಗಳಿದ್ರೆ ಅರ್ಥ ಮಾಡ್ಕೊಳ್ಳಿ.

ಮುಗಿದ ಚಿತ್ರ ಕೇಳಬೇಡಿ, ಅದು ಕಳ್ಳನ ಹತ್ರಾನೂ ಇದೆ. ಅರ್ಧ ಆಗಿರೋದು ಕೇಳಿ. ಹಳೇ ಯಾವುದಾದ್ರೂ ಚಿತ್ರದ ಪೆನ್ಸಿಲ್ ರಫ್, ಅದರ ಪಕ್ಕ ಇವತ್ತಿನ ತಾರೀಖು ಬರೆದ ಚೀಟಿ, ಇಲ್ಲಾ ಎರಡು ನಿಮಿಷದ ವಿಡಿಯೋ ಕಾಲ್. ನಿಜವಾದವರು ಬೇಜಾರು ಮಾಡ್ಕೊಳ್ಳಲ್ಲ, ಅವರ ಹೆಸರಲ್ಲೇ ಮೋಸ ಆಗ್ತಿರೋದು. ಕಂತಲ್ಲಿ ಕೊಡಿ: ಸ್ವಲ್ಪ ಮೊದಲು, ಸ್ವಲ್ಪ ಸ್ಕೆಚ್ ನೋಡಿ, ಉಳಿದಿದ್ದು ಮುಗಿದ ಮೇಲೆ. ಯುಪಿಐನಲ್ಲಿ ಪಿನ್ ಹಾಕೋ ಮೊದಲು ಯಾರ ಹೆಸರು ಬರತ್ತೆ ಓದಿ. ನನಗೆ ಬೇರೆಯದೇ ಹೆಸರು ಬಂದಿತ್ತು, "ಅಣ್ಣನ ಅಕೌಂಟ್" ಅಂದಿದ್ದನ್ನ ನಂಬಿದೆ.

ಕಳ್ಕೊಂಡ್ರೆ 1930ಕ್ಕೆ ಫೋನ್ ಮಾಡಿ. ತಕ್ಷಣ, ಅಂದ್ರೆ ಆ ಗಂಟೆಯಲ್ಲೇ. ದುಡ್ಡು ಮುಂದಿನ ಅಕೌಂಟ್‌ಗೆ ದಾಟೋ ಮುಂಚೆ ತಡೆಯೋ ಚಾನ್ಸ್ ಇರತ್ತೆ. ನಾನು ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳ್ಲಿಲ್ಲ. ಅಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ನಿಜವಾದ ಕಲಾವಿದರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಅವರು ನನಗಿಂತ ಜಾಸ್ತಿ ನೊಂದುಕೊಂಡ್ರು. ಆ ವಾರ ಅಂಥದ್ದು ನನ್ನದು ಮೂರನೇದಂತೆ. ಇಬ್ಬರು ಅವರನ್ನೇ ಬೈದಿದ್ರಂತೆ, ದುಡ್ಡು ವಾಪಸ್ ಕೊಡಿ ಅಂತ.

ವಾರ್ಷಿಕೋತ್ಸವ ಕಳೆದು ನಾಲ್ಕು ತಿಂಗಳಿಗೆ ಮತ್ತೆ ಕೂಡಿಸಿ ಅವರ ಹತ್ರಾನೇ ಬರೆಸಿದೆ. ಮೊದಲು ಕೇಳಿದ್ದೇ ಫೋಟೋ. ಒಂದು ವಾರಕ್ಕೆ ಪೆನ್ಸಿಲ್ ಸ್ಕೆಚ್ ಬಂತು. ಅಮ್ಮ ಸರಿಯಾಗಿ ಬಂದಿದ್ರು, ಅಪ್ಪನ ಮೀಸೆ ಸಿಕ್ಕಾಪಟ್ಟೆ ದಪ್ಪ ಆಗಿತ್ತು. ಹೇಳಿದೆ, ತೆಳ್ಳಗೆ ಮಾಡಿ ಮತ್ತೆ ಕಳಿಸಿದ್ರು.