ಫಲಕ ನೆಟ್ಟವರು ಯಾರು?

ಕಳೆದ ಶತಮಾನದ ನಡುಭಾಗದ ಅಮೆರಿಕದ ಸಣ್ಣ ಊರೆಂದರೆ ಸೋಡಾ ಅಂಗಡಿ, ಕ್ಷೌರದಂಗಡಿ, ಜಗಲಿಯ ಹರಟೆ ಎಂಬ ನೆಮ್ಮದಿಯ ಕಲ್ಪನೆಯನ್ನು ಬೆಳೆಸಿದ್ದು ಹಳೆಯ ಫೋಟೊಗಳೇ. ಆ ನೆಮ್ಮದಿ ಎಲ್ಲರ ಪಾಲಿಗಿರಲಿಲ್ಲ ಎಂಬುದಕ್ಕೂ ಅವೇ ಸಾಕ್ಷಿ. ಜಾನ್ ವಾಶನ್ 1938ರಲ್ಲಿ ಉತ್ತರ ಕೆರೊಲಿನಾದ ಹ್ಯಾಲಿಫ್ಯಾಕ್ಸ್‌ನ ಕೋರ್ಟಿನ ಅಂಗಳದಲ್ಲಿ ತೆಗೆದ ಚಿತ್ರದಲ್ಲಿ ಹುಡುಗನೊಬ್ಬ ನೀರಿನ ನಲ್ಲಿಯ ಬಳಿ ನಿಂತಿದ್ದಾನೆ. ಪಕ್ಕದ ಮರದ ಮೇಲೆ, ಇದು ಕಪ್ಪುಜನರಿಗೆ ಎನ್ನುವ ಫಲಕ. ಗಾರ್ಡನ್ ಪಾರ್ಕ್ಸ್ 1956ರಲ್ಲಿ ‘ಲೈಫ್’ ಪತ್ರಿಕೆಗಾಗಿ ಅಲಬಾಮಾದಲ್ಲಿ ತೆಗೆದ ಬಣ್ಣದ ಚಿತ್ರಗಳಲ್ಲೂ ಅದೇ ಪ್ರತ್ಯೇಕತೆ ಕಾಣುತ್ತದೆ.

ವಾಶನ್ ಕೆಲಸ ಮಾಡಿದ್ದು ಸರಕಾರಿ ಯೋಜನೆಗೆ. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್ ಏನೇನು ತೆಗೆಯಬೇಕೆಂಬ ಪಟ್ಟಿಯನ್ನೇ ಕಳಿಸುತ್ತಿದ್ದರು, ಹಾಗಾಗಿ ಇವು ಪ್ರಚಾರಚಿತ್ರಗಳು ಎಂದು ಆಕ್ಷೇಪಿಸಬಹುದು. ಆದರೆ ಪಟ್ಟಿ ಕ್ಯಾಮೆರಾವನ್ನು ಎತ್ತ ತಿರುಗಿಸಬೇಕೆಂದಷ್ಟೇ ಹೇಳುತ್ತದೆ. ಫಲಕ ನೆಟ್ಟದ್ದು ಆ ಊರೇ. ಜಗಲಿಯ ಹರಟೆ ಸುಳ್ಳಲ್ಲ, ಅದಕ್ಕೆ ಯಾರಿಗೆ ಪ್ರವೇಶವಿತ್ತೆಂದು ಕೇಳದಿರುವುದು ತಪ್ಪು.